ಹನ್ನೆರಡು ಅಂಗುಲದ ರಾಣಿಗೆ ಧರ್ಮಾವರದ ಸೀರೆ: ಒಂದು ಪ್ರಕರಣ ಅಧ್ಯಯನ

2024ರ ವರಮಹಾಲಕ್ಷ್ಮಿ ಹಬ್ಬ ಕಳೆದ ಮರುವಾರ ಬೆಂಗಳೂರಿನ ತ್ಯಾಗರಾಜನಗರದ ಒಂದು ಮನೆಯ ಅತ್ತೆ ಸೊಸೆ ಇಬ್ಬರೂ ಸೇರಿ ನನ್ನ ಮನೆಗೆ ಬಂದರು. ಅತ್ತೆಯ ಕೈಯಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಜೋಡಿ ಪಟ್ಟದ ಗೊಂಬೆಗಳಿದ್ದವು, ಎಂದರೆ ನವರಾತ್ರಿಯಲ್ಲಿ ಕೂರಿಸುವ ಮರದ ರಾಜ ರಾಣಿಯರು. ಸೊಸೆಯ ಕೈಯಲ್ಲಿ, ಮಡಿಕೆಗಳ ಉದ್ದಕ್ಕೂ ಹಿಸಿದು ಇನ್ನು ಉಡಲಾಗದ ಸ್ಥಿತಿಗೆ ಬಂದಿದ್ದ ಒಂದು ಧರ್ಮಾವರದ ಸೀರೆಯಿತ್ತು. ಗೊಂಬೆಗಳು ಅತ್ತೆಯವರ ಮದುವೆಯಲ್ಲಿ ತವರಿನವರು ಕೊಟ್ಟವು, ಸೀರೆ ಅವರ ತಾಯಿಯದು. ನಾನು ಬಹಳ ವರ್ಷಗಳಿಂದ ಮನೆಯಲ್ಲೇ ರವಿಕೆ ಹೊಲಿಯುತ್ತ, ಸೀರೆಗಳಿಗೆ ಫಾಲ್ ಹಾಕುತ್ತ, ಸೆರಗಿಗೆ ಕುಚ್ಚು ಕಟ್ಟುತ್ತ ಬಂದವಳು. ಗೊಂಬೆಗಳಿಗೆ ಬಟ್ಟೆ ಹೊಲಿದದ್ದೂ ಉಂಟು, ಆದರೆ ಅವೆಲ್ಲ ಮಕ್ಕಳ ಪ್ಲಾಸ್ಟಿಕ್ ಗೊಂಬೆಗಳು. ಮರದ ರಾಜ ರಾಣಿಯರನ್ನು ಸಿಂಗರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಅದೇ ಮೊದಲು, ಮತ್ತು ಮೊದಲ ಮೂರು ವಾರಗಳಲ್ಲಿ ನಾನು ಮಾಡಿದ ಕೆಲಸದಲ್ಲಿ ಹೆಚ್ಚಿನದನ್ನು ಬಿಚ್ಚಬೇಕಾಯಿತು. ಆ ಕಾರಣಕ್ಕಾಗಿಯೇ ಈ ಪ್ರಕರಣವನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಅವರ ಬೇಡಿಕೆ ಕೇಳಲು ಸರಳವಾಗಿತ್ತು. ಅಜ್ಜಿಯ ಸೀರೆಯಿಂದ ರಾಣಿಗೆ ಸೀರೆ ಮತ್ತು ರವಿಕೆ, ರಾಜನಿಗೆ ಬಿಳಿಯ ಕಚ್ಚೆಪಂಚೆ, ಶಲ್ಯ ಮತ್ತು ಪೇಟ, ಇಬ್ಬರಿಗೂ ಒಪ್ಪುವ ಒಡವೆಗಳು, ಎಲ್ಲವೂ ಅಕ್ಟೋಬರ್ 3ರ ಪಾಡ್ಯದೊಳಗೆ ಆಗಬೇಕು. ಅದರ ಜೊತೆಗೆ ಅತ್ತೆಯವರು ಕೆಲವು ಷರತ್ತುಗಳನ್ನು ಹಾಕಿದರು. ಗೊಂಬೆಯ ಮೈಗೆ ಮೊಳೆ, ಗುಂಡುಸೂಜಿ, ಗೋಂದು ಯಾವುದೂ ತಾಕಕೂಡದು. ಹಬ್ಬ ಮುಗಿದ ಮೇಲೆ ಬಟ್ಟೆಯನ್ನು ಬಿಚ್ಚಿ ತೆಗೆದಿಡುವಂತಿರಬೇಕು. ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಅಂಗಾತ ಮಲಗಿಸುವ ಪದ್ಧತಿ ಅವರ ಮನೆಯಲ್ಲಿ ಇರುವುದರಿಂದ ಬೆನ್ನಿನ ಕಡೆ ಗಂಟು, ಗುಬುಟು ಇರಬಾರದು. ಕೊನೆಯದನ್ನು ಹೇಳುವಾಗ ಅವರು ಸೀರೆಯ ಮೇಲೆ ಕೈಯಿಟ್ಟುಕೊಂಡೇ ಹೇಳಿದರು: "ಒಡಲಿಗೆ ಬೇಕಾದ್ರೆ ಕತ್ತರಿ ಹಾಕಿಯಮ್ಮ, ಸೆರಗು ಮಾತ್ರ ಮುಟ್ಟಬೇಡಿ. ಅದನ್ನ ನೋಡಿದ್ರೆ ನಮ್ಮಮ್ಮ ನಿಂತ ಹಾಗೇ ಕಾಣುತ್ತೆ."

ಸೊಸೆಗೆ ಸೀರೆಯನ್ನು ಕತ್ತರಿಸುವ ಬಗ್ಗೆ ಅಂಥ ಅಳುಕು ಇರಲಿಲ್ಲ. ಪೆಟ್ಟಿಗೆಯಲ್ಲಿಟ್ಟರೆ ಹೇಗೂ ಹಿಸಿದುಹೋಗುವ ಬಟ್ಟೆ ಎಂಬುದು ಅವರ ವಾದ, ಮತ್ತು ಆ ವಾದ ಸರಿಯೇ. ಹಳೆಯ ರೇಷ್ಮೆ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಕುಳಿತರೆ ಆ ಗೆರೆಯಲ್ಲೇ ಸೀಳುತ್ತದೆ. ಜರಿಯ ಭಾರ ಹೆಚ್ಚಿದ್ದಷ್ಟೂ ಸೀಳುವುದು ಬೇಗ.

ಗೊಂಬೆಗಳ ಸ್ಥಿತಿ

ರಾಜನ ಎತ್ತರ ಹದಿಮೂರೂವರೆ ಅಂಗುಲ, ರಾಣಿಯದು ಹನ್ನೆರಡು. ಇಬ್ಬರ ತೋಳುಗಳೂ ಭುಜದಿಂದ ಮೊಣಕೈವರೆಗೆ ಮೈಗೆ ಅಂಟಿಕೊಂಡಂತೆ ಕೆತ್ತಲ್ಪಟ್ಟಿದ್ದು, ಮುಂಗೈ ಮಾತ್ರ ಮುಂದಕ್ಕೆ ಚಾಚಿತ್ತು. ಮುಖ, ಕೂದಲು ಮತ್ತು ಪಾದಗಳಿಗೆ ಬಣ್ಣವಿತ್ತು. ಉಳಿದ ಮೈ ಬಣ್ಣವಿಲ್ಲದ ಕಡುಗೆಂಪು ಮರ. ಸೊಸೆಯವರು ಮಗಳ ಬಾರ್ಬಿ ಗೊಂಬೆಗೆ ಬಳಸಿದ್ದ ಒಂದು ಅಳತೆ ಕಾಗದವನ್ನು ಜೊತೆಗೆ ತಂದಿದ್ದರು. ಆ ಗೊಂಬೆಯ ಎತ್ತರ ಹನ್ನೊಂದೂವರೆ ಅಂಗುಲ ಇರುವುದರಿಂದ ಹೆಚ್ಚುಕಡಿಮೆ ಹೊಂದೀತು ಎಂಬುದು ಅವರ ಊಹೆ. ಎತ್ತರವೊಂದು ಬಿಟ್ಟು ಮತ್ತೇನೂ ಹೊಂದಲಿಲ್ಲ. ಆ ಗೊಂಬೆಯ ಸೊಂಟ ಮುಷ್ಟಿಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು, ತೋಳು ತಿರುಗುತ್ತದೆ, ಆದ್ದರಿಂದ ಅಂಗಿಯ ತೋಳಿಗೆ ಕೈ ತೂರಿಸಬಹುದು. ನಮ್ಮ ರಾಣಿಯ ಸೊಂಟ ಆರೂವರೆ ಅಂಗುಲ, ಮತ್ತು ಅವಳ ತೋಳಿನ ಸುತ್ತ ಒಂದು ದಾರ ಹಾಯಿಸಲೂ ಸಂದಿಲ್ಲ. ಎಂದರೆ, ತೊಡಿಸುವ ಬಟ್ಟೆ ಯಾವುದೂ ಇಲ್ಲಿ ನಡೆಯದು; ಮುಂದಿನಿಂದ ಹೊದಿಸಿ ಹಿಂದೆ ಬಿಗಿಯುವ ಬಟ್ಟೆಯೇ ಆಗಬೇಕು.

ಹಳೆಯ ಸಿಂಗಾರವನ್ನು ಬಿಚ್ಚುವುದಕ್ಕೇ ಒಂದು ಇಡೀ ಮಧ್ಯಾಹ್ನ ಹಿಡಿಯಿತು. ಮೇಲೆ ಹೊಳೆಯುವ ಸ್ಯಾಟಿನ್, ಅದರ ಕೆಳಗೆ ಜಾರ್ಜೆಟ್, ಎಲ್ಲಕ್ಕಿಂತ ಒಳಗೆ ಮುಟ್ಟಿದರೆ ಪುಡಿಯಾಗುವ ರೇಷ್ಮೆಯ ಚೂರು. ಹೀಗೆ ಮೂರು ಕಾಲದ ಬಟ್ಟೆಗಳು ಒಂದರ ಮೇಲೊಂದು ಕುಳಿತಿದ್ದವು. ಪ್ರತಿ ಸಲವೂ ಹಳೆಯದನ್ನು ತೆಗೆಯದೆ ಹೊಸದನ್ನು ಅಂಟಿಸುತ್ತ ಹೋದದ್ದರಿಂದ ರಾಣಿ ವರ್ಷದಿಂದ ವರ್ಷಕ್ಕೆ ದಪ್ಪಗಾಗಿದ್ದಳು. ಅಂಟು ಬಿಳಿಯ ಫೆವಿಕಾಲ್. ಬಿಸಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯನ್ನು ಐದೈದು ನಿಮಿಷ ಒತ್ತಿ ಹಿಡಿದರೆ ಅದು ಮೆತ್ತಗಾಗಿ ಹಿಟ್ಟಿನಂತೆ ಉರುಳಿ ಬರುತ್ತದೆ. ಮರ ನೀರು ಕುಡಿಯದಂತೆ ಆಗಾಗ ಒಣಬಟ್ಟೆಯಲ್ಲಿ ಒರೆಸುತ್ತ ಹೋಗಬೇಕು, ಅಷ್ಟೆ.

ಈ ಹಂತದಲ್ಲಿ ಸೊಸೆ ಹೇಳಿದ ಒಂದು ಮಾತನ್ನು ನಾನು ಹಗುರವಾಗಿ ತೆಗೆದುಕೊಂಡೆ. ಮನೆಯಲ್ಲಿ ಒಮ್ಮೆ ಅವರೇ ಅಂಟು ಬಿಡಿಸಲು ಹೋಗಿ, ಉಳಿದಿದ್ದ ಸ್ಯಾನಿಟೈಸರನ್ನು ಹತ್ತಿಗೆ ಹಾಕಿ ಉಜ್ಜಿದಾಗ ಹತ್ತಿ ಕೆಂಪಗಾಯಿತಂತೆ. ಹಳೆಯ ಕುಂಕುಮವೋ, ಸ್ಯಾಟಿನ್ನಿನ ಬಣ್ಣವೋ ಇರಬೇಕು ಎಂದು ನಾನು ಸುಮ್ಮನಾದೆ. ಆ ಉದಾಸೀನದ ದಂಡವನ್ನು ಮುಂದೆ ತೆತ್ತೆ.

ಮೊದಲ ಯತ್ನ

ಐದಡಿಯ ಹೆಂಗಸು ಅರುವತ್ತು ಅಂಗುಲ; ನಮ್ಮ ರಾಣಿ ಹನ್ನೆರಡು. ಐದರಲ್ಲಿ ಒಂದು ಪಾಲು ಎಂಬ ಲೆಕ್ಕ ಸೊಗಸಾಗಿ ಕೂತಿತು. ಐದೂವರೆ ಮೀಟರಿನ ಸೀರೆ ಐದರಿಂದ ಭಾಗಿಸಿದರೆ ಒಂದು ಮೀಟರಿಗಿಂತ ತುಸು ಹೆಚ್ಚು, ನಲವತ್ತೆಂಟು ಅಂಗುಲದ ಅಗಲ ಒಂಬತ್ತೂವರೆ ಅಂಗುಲ. ಅಜ್ಜಿಯ ಸೀರೆಯನ್ನು ಮುಟ್ಟುವ ಮೊದಲು, ಅದೇ ದಪ್ಪದ ಒಂದು ಹಳೆಯ ರೇಷ್ಮೆಯ ಲಂಗದಿಂದ ಈ ಅಳತೆಯ ಪುಟ್ಟ ಸೀರೆಯನ್ನು ಕತ್ತರಿಸಿ, ನಾವು ಉಡುವಂತೆಯೇ ಸುತ್ತಿ, ಏಳು ನೆರಿಗೆ ಹಿಡಿದು, ಸೆರಗು ಹೊದಿಸಿದೆ. ಹಾಗೆ ಮಾಡಿದ್ದೊಂದು ಪುಣ್ಯ, ಏಕೆಂದರೆ ನೋಡಲು ಅದು ಚಾಪೆ ಸುತ್ತಿಕೊಂಡು ನಿಂತ ಹೆಂಗಸಿನಂತಿತ್ತು. ನೆರಿಗೆಗಳು ಕೆಳಗಿಳಿಯದೆ ಬೀಸಣಿಗೆಯಂತೆ ಮುಂದಕ್ಕೆ ಚಾಚಿ ನಿಂತವು. ಸೆರಗು ಬೆನ್ನಿಗೆ ಬೀಳದೆ ಭುಜದಿಂದ ಹಿಂದಕ್ಕೆ ಹಲಗೆಯಂತೆ ಎದ್ದು ನಿಂತಿತು. ಸೊಂಟವಂತೂ ಕಾಣಲೇ ಇಲ್ಲ.

ತಪ್ಪು ಕೈಯದಲ್ಲ, ಲೆಕ್ಕದ್ದು ಎಂಬುದು ಅರ್ಥವಾಗಲು ಎರಡು ದಿನ ಬೇಕಾಯಿತು. ಉದ್ದವನ್ನೂ ಅಗಲವನ್ನೂ ಐದರಿಂದ ಭಾಗಿಸಬಹುದು. ಬಟ್ಟೆಯ ದಪ್ಪವನ್ನು ಭಾಗಿಸಲು ಬಾರದು. ಆ ರೇಷ್ಮೆಯನ್ನು ಎಂಟು ಪದರ ಮಡಚಿ ಸ್ಕೇಲಿನ ಪಕ್ಕದಲ್ಲಿ ಒತ್ತಿ ನೋಡಿದರೆ ಎರಡು ಮಿಲಿಮೀಟರು, ಅಂದರೆ ಒಂದು ಪದರ ಕಾಲು ಮಿಲಿಮೀಟರು. ಏಳು ನೆರಿಗೆಗೆ ಹದಿನಾಲ್ಕು ಪದರ, ಒಟ್ಟು ಮೂರೂವರೆ ಮಿಲಿಮೀಟರು. ನಮ್ಮ ಸೊಂಟದಲ್ಲಿ ಇಷ್ಟು ದಪ್ಪ ಲೆಕ್ಕಕ್ಕೇ ಬರುವುದಿಲ್ಲ. ರಾಣಿಯ ಸೊಂಟದಲ್ಲಿ ಅದು ಐದು ಪಟ್ಟು ಕಾಣುತ್ತದೆ: ನಾವು ಒಂದೂಮುಕ್ಕಾಲು ಸೆಂಟಿಮೀಟರು ದಪ್ಪದ ನೆರಿಗೆಯ ಕಟ್ಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಂತೆ. ಅದಕ್ಕೆ ಸೀರೆಯ ಎರಡು ಸುತ್ತು ಮತ್ತು ಒಳಲಂಗದ ಮಡಿಕೆಯೂ ಸೇರುತ್ತದೆ.

ಬೀಳುವಿಕೆಯ ಕಥೆಯೂ ಇದೇ. ಬಟ್ಟೆ ಇಳಿಬೀಳುವುದು ತನ್ನ ಭಾರದಿಂದ. ಬೀಳದಂತೆ ತಡೆಯುವುದು ಅದರ ಬಿರುಸು. ಮನುಷ್ಯರ ಸೀರೆಯಲ್ಲಿ ಸೊಂಟದಿಂದ ಪಾದದವರೆಗೆ ಒಂದು ಗಜದಷ್ಟು ಬಟ್ಟೆ ತೂಗುವುದರಿಂದ ಭಾರ ಗೆಲ್ಲುತ್ತದೆ. ಗೊಂಬೆಯಲ್ಲಿ ತೂಗುವುದು ಏಳೆಂಟು ಅಂಗುಲ ಮಾತ್ರ, ಬಿರುಸು ಮಾತ್ರ ಮೊದಲಿನಷ್ಟೇ ಇರುತ್ತದೆ. ಜರಿ ಸೇರಿದ ಬಟ್ಟೆಯಲ್ಲಿ ಇನ್ನೂ ಹೆಚ್ಚು, ಏಕೆಂದರೆ ಜರಿ ಎಂದರೆ ದಾರಕ್ಕೆ ಸುತ್ತಿದ ಲೋಹದ ತೆಳುಪಟ್ಟಿ. ಹಬ್ಬಕ್ಕೆ ಮೊದಲು ಮಾರುಕಟ್ಟೆಗೆ ಬರುವ ಸಿದ್ಧ ಗೊಂಬೆ ಸೀರೆಗಳು ರಟ್ಟಿನ ಹಾಗೆ ಏಕೆ ನಿಲ್ಲುತ್ತವೆ ಎಂದು ನಾನು ಹಿಂದೆಲ್ಲ ಮೂಗು ಮುರಿದದ್ದುಂಟು. ಆ ಬೆಲೆಗೆ ಯಾರು ಹೊಲಿದರೂ ಹಾಗೆಯೇ ನಿಲ್ಲುತ್ತವೆ ಎಂಬುದು ಈಗ ತಿಳಿಯಿತು.

ಕೆಂಪು ಕಲೆ

ಸೀರೆಯ ವಿಷಯ ತಲೆಯಲ್ಲಿ ಕುದಿಯುತ್ತಿರಲಿ ಎಂದು ರಾಜನ ಪಂಚೆಯನ್ನು ಕೈಗೆತ್ತಿಕೊಂಡೆ. ತೆಳುವಾದ ಬಿಳಿಯ ಮಲ್ ಬಟ್ಟೆ, ಅಂಚಿಗೆ ಜರಿಯ ಒಂದು ಕಂಬಿ. ಕಚ್ಚೆಯ ನೆರಿಗೆಗಳು ಗೊಂಬೆಯ ಮೈಮೇಲೆ ಅಚ್ಚುಕಟ್ಟಾಗಿ ಕುಳಿತವು. ಅವು ಕದಲದಿರಲೆಂದು, ಹಿಂದೆ ಪ್ಲಾಸ್ಟಿಕ್ ಗೊಂಬೆಗಳಿಗೆ ಮಾಡುತ್ತಿದ್ದಂತೆ, ಕೂದಲಿಗೆ ಹೊಡೆಯುವ ಹೇರ್ ಸ್ಪ್ರೇಯನ್ನು ಸಿಂಪಡಿಸಿ ರಾತ್ರಿ ಹಾಗೆಯೇ ಬಿಟ್ಟೆ. ಬೆಳಿಗ್ಗೆ ನೋಡಿದರೆ ಸೊಂಟದ ಸುತ್ತ ಮತ್ತು ಎರಡೂ ತೊಡೆಗಳ ಮೇಲೆ, ಬಟ್ಟೆ ಮರಕ್ಕೆ ಒತ್ತಿಕೊಂಡ ಜಾಗದಲ್ಲೆಲ್ಲ, ವೀಳ್ಯ ಉಗುಳಿದಂಥ ಕೆಂಪು ಕಲೆಗಳು.

ಮೊದಲು ನೆನಪಾದದ್ದು ಸೊಸೆಯ ಸ್ಯಾನಿಟೈಸರ್. ರಾಜನ ಪೀಠದ ಅಡಿಭಾಗದಲ್ಲಿ, ಯಾರಿಗೂ ಕಾಣದ ಜಾಗದಲ್ಲಿ, ಮೂರು ಹತ್ತಿಯ ಉಂಡೆಗಳಿಂದ ಪರೀಕ್ಷೆ ಮಾಡಿದೆ. ಬರಿಯ ನೀರಿನದು ಬಿಳಿಯಾಗಿಯೇ ಉಳಿಯಿತು. ಸೋಪಿನ ನೀರಿನದು ತಿಳಿ ಗುಲಾಬಿಯಾಯಿತು. ಸ್ಯಾನಿಟೈಸರ್ ಹಾಕಿದ್ದು ಎರಡು ಸಲ ಒತ್ತುವಷ್ಟರಲ್ಲಿ ಕಡುಗೆಂಪಾಯಿತು. ಅಲ್ಲಿಗೆ ಗುಟ್ಟು ಬಯಲಾಯಿತು: ಗೊಂಬೆಗಳು ರಕ್ತಚಂದನದವು. ತಿರುಪತಿಯ ಸುತ್ತಿನ ಶೇಷಾಚಲದ ಬೆಟ್ಟಗಳಲ್ಲಿ ಬೆಳೆಯುವ ಆ ಮರದ ಕೆಂಪಿಗೆ ಕಾರಣವಾದ ಸ್ಯಾಂಟಲಿನ್ ಎಂಬ ಬಣ್ಣ ತಣ್ಣೀರಿನಲ್ಲಿ ಕರಗುವುದಿಲ್ಲ. ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ, ಕ್ಷಾರದಲ್ಲಿಯೂ ಬಿಡುತ್ತದೆ. ಸ್ಯಾನಿಟೈಸರಿನ ಮುಖ್ಯ ಭಾಗ ಮದ್ಯಸಾರ, ಹೇರ್ ಸ್ಪ್ರೇಯಲ್ಲಿಯೂ ಅದೇ. ನಾನು ನೆರಿಗೆಯನ್ನು ನಿಲ್ಲಿಸಲು ಸಿಂಪಡಿಸಿದ್ದು ಮರದ ಬಣ್ಣವನ್ನು ಇಳಿಸಿ ಬಟ್ಟೆಗೆ ಏರಿಸುವ ದ್ರಾವಣವಾಗಿತ್ತು. ಹೆಸರಾಂತ ಬಣ್ಣದ ಮರಕ್ಕೆ ಬಿಳಿಯ ಪಂಚೆ ಉಡಿಸುವವಳು ಇಷ್ಟನ್ನು ಮೊದಲೇ ಯೋಚಿಸಬೇಕಿತ್ತು.

ಮರಕ್ಕೆ ವಾರ್ನಿಷ್ ಬಳಿದರೆ ಬಣ್ಣ ಬಿಡುವುದು ನಿಲ್ಲಬಹುದು ಎಂದು ಸೊಸೆ ಸೂಚಿಸಿದರು. ಅತ್ತೆ ಒಪ್ಪಲಿಲ್ಲ, ನನಗೂ ಅದು ಸರಿ ಕಾಣಲಿಲ್ಲ, ಏಕೆಂದರೆ ವಾರ್ನಿಷ್‌ಗಳಲ್ಲಿ ಕೆಲವನ್ನು ಕರಗಿಸುವುದೇ ಮದ್ಯಸಾರದಲ್ಲಿ. ಬಣ್ಣ ಬಿಡದಂತೆ ತಡೆಯುವ ಬದಲು, ಬಿಟ್ಟರೂ ಮೇಲಿನ ಬಟ್ಟೆಗೆ ತಲುಪದಂತೆ ತಡೆಯುವುದೇ ಮೇಲು ಎಂದು ನಿರ್ಧರಿಸಿದೆ. ಇಬ್ಬರಿಗೂ ಮಲ್ ಬಟ್ಟೆಯ ಒಳಅಂಗಿ, ಒಳಲಂಗ, ರಾಜನಿಗೆ ಒಳಚಡ್ಡಿ ಹೊಲಿದೆ. ಇವನ್ನು ತೆಗೆದು ಒಗೆಯಬಹುದು, ಕೆಟ್ಟರೆ ಎಸೆದು ಬೇರೆ ಹೊಲಿಯಬಹುದು. ಹೇರ್ ಸ್ಪ್ರೇ ಈ ಕೆಲಸದಿಂದ ಶಾಶ್ವತವಾಗಿ ಹೊರಗೆ ಹೋಯಿತು. ಹೊಸ ಪಂಚೆಯ ನೆರಿಗೆಗಳನ್ನು ಗೊಂಬೆಯ ಮೇಲೆ ಹಿಡಿಯದೆ, ರಟ್ಟಿನ ಮೇಲೆ ಗುಂಡುಸೂಜಿ ಚುಚ್ಚಿ ಜೋಡಿಸಿ, ತೆಳುವಾದ ಅಕ್ಕಿಗಂಜಿ ಸವರಿ, ಪೂರ್ತಿ ಒಣಗಿದ ಮೇಲೆ ಮಾತ್ರ ಉಡಿಸಿದೆ. ಸೆಪ್ಟೆಂಬರಿನ ಮಳೆಯಲ್ಲಿ ಆ ಅಂಗೈಯಗಲದ ಪಂಚೆ ಒಣಗಲು ಎರಡು ದಿನ ತೆಗೆದುಕೊಂಡಿತು ಎಂಬುದನ್ನೂ ದಾಖಲಿಸಬೇಕು. ಗಂಜಿಗೆ ಒಂದು ದೋಷವಿದೆ: ಪೆಟ್ಟಿಗೆಯಲ್ಲಿ ಅದು ಹುಳುಗಳಿಗೆ ಊಟವಾಗುತ್ತದೆ. ಆದ್ದರಿಂದ ಹಬ್ಬ ಮುಗಿದ ಮೇಲೆ ಪಂಚೆಯನ್ನು ಒಗೆದೇ ಇಡಬೇಕೆಂದು ಮೊದಲೇ ಹೇಳಿಟ್ಟೆ.

ಕಟ್ಟಿದ ಸೀರೆ

ಉಡಿಸುವ ಸೀರೆ ಸಾಧ್ಯವಿಲ್ಲವೆಂದ ಮೇಲೆ ಉಟ್ಟಂತೆ ಕಾಣುವ ಸೀರೆಯನ್ನು ಕಟ್ಟಬೇಕಾಯಿತು. ಸೀರೆಯನ್ನು ಮೂರು ತುಂಡುಗಳಾಗಿ ಯೋಚಿಸಿದೆ: ಕಾಲಿನ ಸುತ್ತ ಬರುವ ಒಡಲು, ಮುಂದಿನ ನೆರಿಗೆ, ಮತ್ತು ಎದೆಯ ಮೇಲಿಂದ ಬೆನ್ನಿಗೆ ಇಳಿಯುವ ಸೆರಗು. ಮೂರನ್ನೂ ಬೇರೆ ಬೇರೆ ಹೊಲಿದು ಸೊಂಟದಲ್ಲಿ ಕೂಡಿಸಿದರೆ ಎಲ್ಲಿಯೂ ಎರಡಕ್ಕಿಂತ ಹೆಚ್ಚು ಸುತ್ತು ಬರುವುದಿಲ್ಲ. ಇದನ್ನು ಕೇಳಿದಾಗ ಅತ್ತೆಯವರ ಮುಖ ಸ್ವಲ್ಪ ಬಾಡಿತು. ತುಂಡು ಸೀರೆಯನ್ನು ರಾಣಿಗೆ ಉಡಿಸುವುದು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಚಾಪೆ ಸುತ್ತಿದ ಮೊದಲ ಯತ್ನವನ್ನು ಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಒಪ್ಪಿದರು.

ಅಂಚಿನ ಪ್ರಶ್ನೆ ಮೊದಲು ಎದುರಾಯಿತು. ಅಜ್ಜಿಯ ಸೀರೆಯ ಅಂಚು ನಾಲ್ಕು ಅಂಗುಲ ಅಗಲ. ರಾಣಿಗೆ ಅದನ್ನು ಹಾಗೆಯೇ ಹಾಕಿದರೆ ಪಾದದಿಂದ ಮೊಣಕಾಲು ದಾಟುತ್ತದೆ. ಐದರಲ್ಲಿ ಒಂದು ಪಾಲೆಂದರೆ ಮುಕ್ಕಾಲು ಅಂಗುಲದಷ್ಟು ಸಾಕು. ಅಂಚಿನೊಳಗೆ ದೊಡ್ಡ ಗೋಪುರದ ಸಾಲು, ಅದರ ಕೆಳಗೆ ಕಂಬಿಗಳು, ತೀರ ತುದಿಯಲ್ಲಿ ರುದ್ರಾಕ್ಷಿಯ ಸಣ್ಣ ಸಾಲು ಇದ್ದವು. ಗೋಪುರವನ್ನು ಬಿಟ್ಟು, ಎರಡು ಕಂಬಿ ಮತ್ತು ರುದ್ರಾಕ್ಷಿಯ ಸಾಲನ್ನಷ್ಟೇ ಆರಿಸಿಕೊಂಡೆ. ದೊಡ್ಡ ವಿನ್ಯಾಸವನ್ನು ಚಿಕ್ಕ ಗೊಂಬೆಗೆ ಹಾಕಿದರೆ ಗೊಂಬೆ ಇನ್ನೂ ಚಿಕ್ಕದಾಗಿ, ಬಟ್ಟೆ ತುಂಡಾಗಿ ಕಾಣುತ್ತದೆ. ವಿನ್ಯಾಸವೂ ಅಳತೆಗೆ ಒಪ್ಪಿದರೆ ಮಾತ್ರ ಕಣ್ಣು ಮೋಸಹೋಗುತ್ತದೆ.

ಜರಿಯ ಬಟ್ಟೆಯನ್ನು ಕತ್ತರಿಸಿದ ಕೂಡಲೇ ಅದು ಎಳೆ ಬಿಡತೊಡಗುತ್ತದೆ. ಅದಕ್ಕಾಗಿ ಮೊದಲು ಹೊಲಿದು ಆಮೇಲೆ ಕತ್ತರಿಸಿದೆ: ಕತ್ತರಿ ಹಾಯುವ ಗೆರೆಯ ಪಕ್ಕದಲ್ಲೇ ಸಣ್ಣ ಹೊಲಿಗೆಯ ಎರಡು ಸಾಲು, ಅದರಿಂದ ಎರಡು ಮಿಲಿಮೀಟರು ಆಚೆ ಕತ್ತರಿ. ನನ್ನ ಹಳೆಯ ಉಷಾ ಕಾಲುಯಂತ್ರದಲ್ಲಿ ಸಾಮಾನ್ಯ ರವಿಕೆಗೆ ಇಡುವ ಹೊಲಿಗೆಯ ಉದ್ದವನ್ನು ಒಂದೂವರೆ ಮಿಲಿಮೀಟರಿಗೆ ಇಳಿಸಿ, 9ನೇ ನಂಬರಿನ ಸೂಜಿ ಹಾಕಿಕೊಂಡೆ. ಹೊಲಿಗೆಯ ಅಂಚಿಗೆ ಅರ್ಧ ಅಂಗುಲ ಬಿಡುವ ಅಭ್ಯಾಸವನ್ನು ಇಲ್ಲಿ ಮರೆಯಬೇಕು. ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಬಿಟ್ಟರೆ ಒಳಗೆ ಹಗ್ಗದಂತೆ ಉಬ್ಬುತ್ತದೆ. ಇಷ್ಟು ಚಿಕ್ಕ ತುಂಡುಗಳನ್ನು ಯಂತ್ರದ ಹಲ್ಲು ತೂತಿನೊಳಗೆ ಎಳೆದುಕೊಂಡುಬಿಡುತ್ತದೆ. ಕೆಳಗೊಂದು ನ್ಯೂಸ್‌ಪೇಪರಿನ ಚೂರು ಇಟ್ಟು ಸೇರಿಸಿಯೇ ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆದರೆ ಆ ತೊಂದರೆ ಇಲ್ಲ. ಆದರೆ ಅಚ್ಚಿನ ಮಸಿ ರೇಷ್ಮೆಗೆ ಹತ್ತುತ್ತದೆ, ಆದ್ದರಿಂದ ಏನೂ ಅಚ್ಚಾಗದ ಅಂಚಿನ ಪಟ್ಟಿಯನ್ನೇ ಆರಿಸಬೇಕು. ಕೈಹೊಲಿಗೆಗೆ ಅಂಗಡಿಯ ದಾರ ಯಾವುದೂ ಹೊಂದಲಿಲ್ಲ, ಬಣ್ಣ ಹೊಂದಿದರೆ ದಪ್ಪ ಹೆಚ್ಚು. ಕೊನೆಗೆ ಸೀರೆಯ ಕತ್ತರಿಸಿದ ಚೂರಿನಿಂದಲೇ ಎಳೆಗಳನ್ನು ಬಿಡಿಸಿ, ಎರಡೆರಡನ್ನು ಸೇರಿಸಿ ಸೂಜಿಗೆ ಪೋಣಿಸಿದೆ. ಆ ಹೊಲಿಗೆ ಎಲ್ಲಿದೆ ಎಂದು ಈಗ ನನಗೇ ಹುಡುಕಬೇಕು.

ನೆರಿಗೆಗೆ ಒಂಬತ್ತು ಅಂಗುಲದ ತುಂಡು, ಮುಕ್ಕಾಲು ಅಂಗುಲದ ಐದು ನೆರಿಗೆ. ಏಳಕ್ಕಿಂತ ಐದು ಕಡಿಮೆಯೇ, ಆದರೆ ಎದುರಿನಿಂದ ಎಣಿಸುವವರು ಯಾರು? ನೆರಿಗೆಗಳನ್ನು ಒದ್ದೆ ಮಲ್ ಬಟ್ಟೆಯ ಕೆಳಗಿಟ್ಟು, ಇಸ್ತ್ರಿಪೆಟ್ಟಿಗೆಯನ್ನು ರೇಷ್ಮೆಯ ಬಿಸಿಗೆ ಇಟ್ಟು ಒತ್ತಿ, ಮೇಲಿಂದ ಕೆಳಗೆ ಮೂರು ಕಡೆ ದಾರ ಕಟ್ಟಿ, ದಪ್ಪ ಪುಸ್ತಕಗಳ ಕೆಳಗೆ ಎರಡು ರಾತ್ರಿ ಇಟ್ಟೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಇದರ ಮುಂದಿನ ಹೆಜ್ಜೆ: ಮೇಲಿನ ಅರ್ಧ ಅಂಗುಲದಲ್ಲಿ ನೆರಿಗೆಯ ಒಳಪದರಗಳನ್ನು ಕತ್ತರಿಸಿ ತೆಗೆದು, ಎದುರಿಗೆ ಕಾಣುವ ಪದರವನ್ನಷ್ಟೇ ಸೊಂಟದ ಪಟ್ಟಿಗೆ ಹೊಲಿದದ್ದು. ಮೂರೂವರೆ ಮಿಲಿಮೀಟರು ಬರುತ್ತಿದ್ದ ಜಾಗದಲ್ಲಿ ಈಗ ಒಂದು ಮಿಲಿಮೀಟರೂ ಇರಲಿಲ್ಲ. ರಾಣಿಗೆ ಸೊಂಟ ಬಂತು.

ಸೆರಗಿಗೆ ಮೂಲ ಸೀರೆಯ ಸೆರಗನ್ನು ಮುಟ್ಟದಿರುವ ಮಾತು ಕೊಟ್ಟಿದ್ದೆ. ಒಡಲಿನ ಬಟ್ಟೆಯನ್ನೇ ಹದಿನಾರು ಅಂಗುಲ ಉದ್ದಕ್ಕೆ ತೆಗೆದುಕೊಂಡು, ತುದಿಗೆ ಅಂಚಿನ ಕಂಬಿಗಳನ್ನು ಮೂರು ಸಾಲು ಅಡ್ಡಲಾಗಿ ಹೊಲಿದಾಗ ಅದು ಸೆರಗಿನಂತೆಯೇ ಕಂಡಿತು. ಎದ್ದು ನಿಲ್ಲುವ ತೊಂದರೆಗೆ ನನ್ನ ದಿನದ ಕಸುಬೇ ದಾರಿ ತೋರಿಸಿತು: ತುದಿಗೆ ಕುಚ್ಚು ಕಟ್ಟಿದೆ, ಪ್ರತಿ ಕುಚ್ಚಿಗೂ ಎರಡು ಮಿಲಿಮೀಟರಿನ ಗಾಜಿನ ಮಣಿ ಒಂದೊಂದು. ಹದಿಮೂರು ಮಣಿಗಳ ಭಾರ ಏನೂ ಅಲ್ಲವೆನಿಸಬಹುದು, ಆದರೆ ಆ ಭಾರಕ್ಕೆ ಸೆರಗು ತಲೆಬಾಗಿ ಬೆನ್ನಿಗೆ ಒರಗಿತು. ಮಲಗಿಸುವಾಗ ಮಣಿಗಳು ಬೆನ್ನಿಗೆ ಒತ್ತದಂತೆ ಸೆರಗಿನ ಉದ್ದವನ್ನು ಪೀಠದ ಅಂಚಿಗಿಂತ ಒಂದಿಷ್ಟು ಕೆಳಗೆ ಬಿಟ್ಟೆ. ಸೆರಗನ್ನು ಭುಜದಲ್ಲಿ ಹಿಡಿಯಲು ರವಿಕೆಗೆ ಎಲ್ಲಕ್ಕಿಂತ ಚಿಕ್ಕ ಅಳತೆಯ ಟಿಚ್ ಬಟನ್ ಒಂದು, ಬಲಸೊಂಟದಲ್ಲಿ ಇನ್ನೊಂದು.

ರವಿಕೆಯ ವಿನ್ಯಾಸವನ್ನು ರಾಣಿಯ ಮೈಯಿಂದಲೇ ತೆಗೆದೆ. ಅಡುಗೆಮನೆಯಲ್ಲಿ ತಟ್ಟೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ಅದರ ಮೇಲೆ ಕಾಗದದ ಅಂಟುಪಟ್ಟಿಯನ್ನು ಅಂಟಿಸಿ, ಕತ್ತು, ಭುಜ, ತೋಳಿನ ಗೆರೆಗಳನ್ನು ಪೆನ್ಸಿಲಿನಲ್ಲಿ ಬರೆದು, ಬೆನ್ನ ನಡುವೆ ಸೀಳಿ ಬಿಡಿಸಿದರೆ ಅಚ್ಚು ಸಿಗುತ್ತದೆ. ಅಂಟು ಮರಕ್ಕೆ ತಾಕುವುದೂ ಇಲ್ಲ. ಎದೆ ಮತ್ತು ಎರಡು ತೋಳು ಸೇರಿ ಒಂದೇ ತುಂಡು, ಓರೆಯಾಗಿ ಕತ್ತರಿಸಿದ್ದು, ಹಿಂದೆ ದಾರ ಹೆಣೆದು ಬಿಗಿಯುವಂಥದು. ತೋಳು ಬೇರೆ ಎಂದು ಕಾಣಲು ತೋಳಿನ ಗೆರೆಯ ಮೇಲೆ ಒಂದು ಸಾಲು ಕೈಹೊಲಿಗೆ, ತೋಳಿನ ತುದಿಗೆ ಒಂದು ಕಂಬಿ.

ಒಡವೆ

ಒಡವೆಯ ಮಣಿಗಳಿಗಾಗಿ ಚಿಕ್ಕಪೇಟೆಯ ಮೆಟ್ರೋ ನಿಲ್ದಾಣದಲ್ಲಿ ಇಳಿದು ಮಾಮೂಲ್‌ಪೇಟೆಯ ಅಂಗಡಿಗಳನ್ನು ಅರ್ಧ ದಿನ ಸುತ್ತಿದೆ. ಚಿಕ್ಕದು ಬೇಕೆಂದರೆ ಎಲ್ಲರೂ ರವಿಕೆಯ ಕಸೂತಿಗೆ ಹಾಕುವ ನಾಲ್ಕು ಮಿಲಿಮೀಟರಿನ ಮುತ್ತನ್ನೇ ತೋರಿಸಿದರು. ಐದರಿಂದ ಗುಣಿಸಿ ನೋಡಿದರೆ ಅದು ಎರಡು ಸೆಂಟಿಮೀಟರು, ರಾಣಿ ನಿಂಬೆಕಾಯಿಯ ಹಾರ ಹಾಕಿಕೊಂಡಂತೆ. ಈ ಗುಣಾಕಾರವನ್ನು ಅಂಗಡಿಯಲ್ಲಿ ನಿಂತೇ ಮಾಡುವ ಅಭ್ಯಾಸ ಆದ ಮೇಲೆ ಖರೀದಿ ಸುಲಭವಾಯಿತು. ಎರಡು ಮಿಲಿಮೀಟರಿನ ಗಾಜಿನ ಮಣಿ ಸರಕ್ಕೆ ಒಪ್ಪುತ್ತದೆ. ಮೂರು ಮಿಲಿಮೀಟರಿನ ಚಪ್ಪಟೆ ಚಿನ್ನದ ಬಣ್ಣದ ಚಮಕಿಯನ್ನು ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಹೊಲಿದರೆ ಕಾಸಿನ ಸರವಾಗುತ್ತದೆ. ಒಂದೂವರೆ ಸೆಂಟಿಮೀಟರಿನ ಕಾಸು ನಿಜದ ಕಾಸಿಗೆ ಬಹಳ ದೂರವಲ್ಲ. ಸರಗಳನ್ನೆಲ್ಲ ಕುತ್ತಿಗೆಗೆ ಹಾಕದೆ ರವಿಕೆಯ ಎದೆಯ ಮೇಲೆಯೇ ಹೊಲಿದುಬಿಟ್ಟೆ, ಬೆನ್ನಿನ ಕಡೆ ಕೊಕ್ಕೆ ಬರಬಾರದೆಂಬ ಕಾರಣಕ್ಕೆ. ಒಡ್ಯಾಣ ಅಂಚಿನ ರುದ್ರಾಕ್ಷಿಯ ಸಾಲಿನಿಂದ. ಬಳೆಗೆ 26 ಗೇಜಿನ ಹಿತ್ತಾಳೆ ತಂತಿಯನ್ನು ಬಾಲ್‌ಪೆನ್ನಿನ ರೀಫಿಲ್ಲಿಗೆ ಸುತ್ತಿ ಒಂದೊಂದೇ ಸುತ್ತನ್ನು ಕತ್ತರಿಸಿದೆ. ರಾಣಿಯ ಹಸ್ತ ಮಣಿಕಟ್ಟಿಗಿಂತ ಅಗಲವಿರುವುದರಿಂದ ಬಳೆಯ ಬಾಯಿ ತೆರೆದೇ ಇರಬೇಕು, ತುದಿಗಳನ್ನು ಉಗುರಿನ ಅರದಲ್ಲಿ ಉಜ್ಜಿ ಮೊಂಡು ಮಾಡಬೇಕು.

ರಾಜನ ಪೇಟಕ್ಕೆ ಮಾತ್ರ ಎರಡು ಸಲ ಸೋತೆ. ನೇರ ಪಟ್ಟಿಯನ್ನು ಸುತ್ತಿದರೆ ತಲೆಯ ದುಂಡು ಆಕಾರಕ್ಕೆ ಬಾಗದೆ ಸುಕ್ಕಾಗುತ್ತದೆ. ತಲೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಕಾಗದದ ಚೂರುಗಳನ್ನು ಗಂಜಿಯಲ್ಲಿ ಪದರ ಪದರವಾಗಿ ಅಂಟಿಸಿ ಟೊಪ್ಪಿಗೆಯಂಥ ಅಚ್ಚು ಮಾಡಿ, ಒಣಗಿದ ಮೇಲೆ ಕಳಚಿ, ಅದರ ಮೇಲೆ ಅರ್ಧ ಅಂಗುಲದ ಓರೆಪಟ್ಟಿಯನ್ನು ಸುತ್ತಿದಾಗ ಅದು ಮೈಸೂರು ಪೇಟದ ಆಕಾರಕ್ಕೆ ಬಂತು. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದತ್ತ ಬಾಗುವುದನ್ನು ರವಿಕೆಯ ಕುತ್ತಿಗೆಗೆ ಪೈಪಿಂಗ್ ಹಾಕುವ ಯಾರೂ ಬಲ್ಲರು. ನನಗೆ ಅದು ಹೊಳೆದದ್ದು ಮೂರನೇ ಸಲಕ್ಕೆ.

ಹಬ್ಬದ ಹತ್ತು ದಿನ ಮತ್ತು ಅನಂತರ

ಬಿಚ್ಚಿದ್ದನ್ನೂ ಸೇರಿಸಿ ಒಟ್ಟು ನಲವತ್ತು ಗಂಟೆಗಳಿಗೂ ಹೆಚ್ಚು ಕೆಲಸ ಹಿಡಿಯಿತು. ಸಾಮಗ್ರಿಗೆ ಆದ ಖರ್ಚು ಆರುನೂರು ರೂಪಾಯಿಯ ಒಳಗೆ. ಅದರಲ್ಲಿ ಅರ್ಧ ಮಣಿ ಮತ್ತು ಚಮಕಿಯದು, ಬೇಕಾದದ್ದಕ್ಕಿಂತ ಹತ್ತು ಪಟ್ಟು ಹೆಚ್ಚು ಬರುವ ಪೊಟ್ಟಣಗಳ ದೋಷದಿಂದ. ಅಜ್ಜಿಯ ಸೀರೆಯಲ್ಲಿ ಕತ್ತರಿ ಬಿದ್ದದ್ದು ಒಡಲಿನ ಒಳತುದಿಯ ಮುಕ್ಕಾಲು ಮೀಟರಿಗೆ ಮಾತ್ರ. ಸೆರಗು ಇಡಿಯಾಗಿ ಉಳಿಯಿತು. ಅತ್ತೆಯವರು ಅದನ್ನು ಗೊಂಬೆ ಕೂರಿಸುವ ಮೆಟ್ಟಿಲುಗಳ ಹಿಂದಿನ ಗೋಡೆಗೆ ಇಳಿಬಿಟ್ಟಿದ್ದರು. ಪಾಡ್ಯದ ದಿನ ಅರಿಶಿನ ಕುಂಕುಮಕ್ಕೆ ಹೋದಾಗ ಕಂಡದ್ದು, ಮೇಲಿನ ಮೆಟ್ಟಿಲಲ್ಲಿ ರಾಣಿ ಮತ್ತು ಅವಳ ಹಿಂದೆ ಅದೇ ಬಣ್ಣದ, ಅದೇ ರುದ್ರಾಕ್ಷಿಯ, ಐದು ಪಟ್ಟು ದೊಡ್ಡ ಸೆರಗು.

ಅಕ್ಟೋಬರ್ 12ರ ವಿಜಯದಶಮಿಯಂದು ಗೊಂಬೆಗಳನ್ನು ಮಲಗಿಸಿದ ಮೇಲೆ, ಮೂರು ದಿನ ಬಿಟ್ಟು ಬಟ್ಟೆಗಳನ್ನು ನಾವು ಮೂವರೂ ಸೇರಿ ಬಿಚ್ಚಿ ಪರೀಕ್ಷಿಸಿದೆವು. ರೇಷ್ಮೆಯ ಮೇಲೆ ಎಲ್ಲಿಯೂ ಕಲೆ ಇರಲಿಲ್ಲ. ರಾಜನ ಪಂಚೆಯೂ ಬಿಳಿಯಾಗಿಯೇ ಇತ್ತು. ರಾಣಿಯ ಒಳಲಂಗದ ಸೊಂಟದಲ್ಲಿ ಮಾತ್ರ, ಲಾಡಿ ಬಿಗಿದ ಜಾಗದಲ್ಲಿ, ಕೂದಲೆಳೆಯಷ್ಟು ಗುಲಾಬಿ ಗೆರೆಯೊಂದು ಮೂಡಿತ್ತು. ಸ್ಯಾನಿಟೈಸರಿನಿಂದ ಮೇಲೆದ್ದು ಅಲ್ಲಿಯೇ ಒಣಗಿದ ಬಣ್ಣದ ಪುಡಿ ಉಜ್ಜಾಟಕ್ಕೆ ಬಿಟ್ಟಿರಬೇಕು. ಬಟ್ಟೆಗಳನ್ನು ಮಡಚದೆ, ಮಲ್ ಬಟ್ಟೆಯ ಉಂಡೆಯ ಸುತ್ತ ಸುರುಳಿ ಸುತ್ತಿ, ನಾಲ್ಕಾರು ಲವಂಗದ ಜೊತೆ ಸ್ಟೀಲ್ ಡಬ್ಬಿಯಲ್ಲಿ ಇರಿಸಲಾಯಿತು. ಗೆರೆ ಬಿದ್ದ ಒಳಲಂಗವನ್ನು ಸೊಸೆ ಎಸೆಯಲು ಹೋದಾಗ ಅತ್ತೆ ತಡೆದು, "ಒಗೆದಿಟ್ಟಿರು, ಮುಂದಿನ ವರ್ಷ ಅಳತೆಗಾಗುತ್ತೆ" ಎಂದು ಅದನ್ನೂ ಡಬ್ಬಿಗೆ ಹಾಕಿದರು. ಅದೇ ಅಳತೆಯಲ್ಲಿ ನಾನು ಇನ್ನೂ ಮೂರು ಒಳಲಂಗಗಳನ್ನು ಹೊಲಿದು ಕಳಿಸಿದೆ.